ಗೇಟ್ ಪಾಸ್‌ನಿಂದ ನೇಮಕಾತಿ ಆದೇಶದವರೆಗೆ: ಗುತ್ತಿಗೆ ಕಾರ್ಮಿಕರು ಕಾಯಂ ಆಗುವ ದಾರಿ

ಪ್ರತಿ ವರ್ಷ ಮಾರ್ಚ್ ಕೊನೆಗೆ ನಮ್ಮ ಕಾರ್ಖಾನೆಯ ಗೇಟಿನ ಮುಂದೆ ಒಂದೇ ದೃಶ್ಯ. ಹಳೆಯ ಗುತ್ತಿಗೆದಾರನ ಅವಧಿ ಮುಗಿಯುತ್ತದೆ, ಹಳೆಯ ಗೇಟ್ ಪಾಸ್ ವಾಪಸ್ ಕೊಡಬೇಕು, ಏಪ್ರಿಲ್ ಒಂದಕ್ಕೆ ಹೊಸ ಗುತ್ತಿಗೆದಾರನ ಹೆಸರಿರುವ ಪಾಸ್ ಬರುತ್ತದೆ. ಯಂತ್ರ ಅದೇ, ಪಾಳಿ ಅದೇ, ಕೆಲಸ ಹೇಳುವ ಇಂಜಿನಿಯರ್ ಸಾಹೇಬರೂ ಅವರೇ. ಕಾಗದದಲ್ಲಿ ಮಾತ್ರ ನಾವು ನಿನ್ನೆ ಸೇರಿದವರು. ಬಳ್ಳಾರಿ ಜಿಲ್ಲೆಯ ಒಂದು ಕಾರ್ಖಾನೆಯಲ್ಲಿ ಏಳು ವರ್ಷ, ಮೂವರು ಗುತ್ತಿಗೆದಾರರ ಕೈಕೆಳಗೆ, ನಾನು ಒಂದೇ ಕನ್ವೇಯರ್ ಬೆಲ್ಟನ್ನು ನೋಡಿಕೊಂಡೆ. ಕಾಯಂ ಹುದ್ದೆಗೆ ಅರ್ಜಿ ಕರೆದಾಗ ಆ ಏಳು ವರ್ಷಗಳಲ್ಲಿ ನಾನು ಕಾಗದದ ಮೇಲೆ ತೋರಿಸಲು ಆದದ್ದು ಎರಡೂವರೆ ವರ್ಷ. ಉಳಿದ ನಾಲ್ಕೂವರೆ ವರ್ಷಗಳಿಗೆ ನನ್ನ ಬಳಿ ಒಂದು ಚೀಟಿಯೂ ಇರಲಿಲ್ಲ.

ಆ ಹುದ್ದೆ ನನಗೆ ಕೊನೆಗೂ ಸಿಕ್ಕಿತು, ಎರಡು ವರ್ಷ ತಡವಾಗಿ. ತೋರಣಗಲ್ಲು, ಕುಡಿತಿನಿ, ದೋಣಿಮಲೈ, ಗಿಣಿಗೇರಾ, ಶಕ್ತಿನಗರ, ಹಟ್ಟಿ, ಎಲ್ಲೇ ಇದ್ದರೂ ಇವತ್ತು ಹೆಲ್ಮೆಟ್ ಹಾಕಿಕೊಂಡು ಒಳಗೆ ಹೋಗುತ್ತಿರುವ ಹುಡುಗರಿಗೆ ಆ ಎರಡು ವರ್ಷ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

240 ದಿನದ ಲೆಕ್ಕ

ಚಹಾದಂಗಡಿಯಲ್ಲಿ ಎಲ್ಲರೂ ಹೇಳುವ ಮಾತೊಂದಿದೆ: "240 ದಿನ ತುಂಬಿದರೆ ಕಾಯಂ ಮಾಡಲೇಬೇಕು." ನಮ್ಮಪ್ಪನೂ ಇದನ್ನೇ ನಂಬಿದ್ದರು. ಇದು ನಿಜವಲ್ಲ. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದರೆ (ಗಣಿಯಲ್ಲಿ ಭೂಮಿಯ ಒಳಗೆ ದುಡಿಯುವವರಿಗೆ 190 ದಿನ) ಕಾನೂನು ಅದನ್ನು ಒಂದು ವರ್ಷದ ನಿರಂತರ ಸೇವೆ ಎಂದು ಪರಿಗಣಿಸುತ್ತದೆ. ಆಮೇಲೆ ನಿಮ್ಮನ್ನು ಹೆಚ್ಚುವರಿ ಎಂದು ಕೆಲಸದಿಂದ ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು. ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳದಂತೆ ಪರಿಹಾರ ಕೊಡಬೇಕು. 240 ದಿನ ಕೊಡುವ ರಕ್ಷಣೆ ಇಷ್ಟೇ. ಕಾಯಂ ಆದೇಶ ಅದರಿಂದ ತಾನಾಗಿ ಬರುವುದಿಲ್ಲ.

ಹಾಗೆಂದು ದಿನಗಳನ್ನು ಎಣಿಸುವುದನ್ನು ಬಿಡಬೇಡಿ. ವರ್ಷಾನುಗಟ್ಟಲೆ ತಾತ್ಕಾಲಿಕ, ಬದಲಿ ಎಂದು ಇಟ್ಟುಕೊಂಡು ಕಾಯಂ ನೌಕರರ ಸೌಲಭ್ಯ ತಪ್ಪಿಸುವುದೇ ಉದ್ದೇಶವಾಗಿದ್ದರೆ ಅದು ಅನುಚಿತ ಕಾರ್ಮಿಕ ಪದ್ಧತಿ ಎಂದು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಐದನೇ ಅನುಸೂಚಿ ಹೇಳುತ್ತಿತ್ತು. ಈಗಿನ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಆ ಮಾತು ಉಳಿದಿದೆ. ಅದನ್ನು ಹಿಡಿದು ಕೇಳಬೇಕಾದರೆ ನೀವು ಎಷ್ಟು ದಿನ, ಎಲ್ಲಿ, ಯಾವ ಕೆಲಸ ಮಾಡಿದಿರಿ ಎಂಬುದು ನಿಮ್ಮ ಕೈಯಲ್ಲಿರಬೇಕು.

ಮೊದಲು: ನೀವು ಯಾರ ಕೆಲಸಗಾರ?

ಎಲ್ಲರೂ ತಮ್ಮನ್ನು "ಟೆಂಪರರಿ" ಎಂದು ಕರೆದುಕೊಳ್ಳುತ್ತಾರೆ. ಆದರೆ ಆ ಒಂದು ಪದದೊಳಗೆ ನಾಲ್ಕೈದು ಬೇರೆ ಬೇರೆ ಸ್ಥಿತಿಗಳಿವೆ, ಒಂದೊಂದಕ್ಕೂ ದಾರಿ ಬೇರೆ. ಸಂಬಳದ ಚೀಟಿಯಲ್ಲಿ, ಭವಿಷ್ಯನಿಧಿಯ (ಪಿಎಫ್) ಪಾಸ್‌ಬುಕ್ಕಿನಲ್ಲಿ ಉದ್ಯೋಗದಾತ ಎಂದು ಯಾರ ಹೆಸರಿದೆ ನೋಡಿ. ಕಂಪನಿಯ ಹೆಸರೇ ಇದ್ದು, ನೇಮಕ ಪತ್ರದಲ್ಲಿ ಒಂದು ವರ್ಷ, ಎರಡು ವರ್ಷ ಎಂದು ಅವಧಿ ಬರೆದಿದ್ದರೆ ನೀವು ನಿಗದಿತ ಅವಧಿಯ ನೌಕರ. 2025ರ ನವೆಂಬರ್ 21ರಂದು ಹಳೆಯ ಕಾರ್ಮಿಕ ಕಾಯ್ದೆಗಳ ಬದಲಿಗೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳ ಪ್ರಕಾರ ಇಂಥವರ ಸಂಬಳ, ಕೆಲಸದ ಅವಧಿ, ಭತ್ಯೆ ಅದೇ ಕೆಲಸ ಮಾಡುವ ಕಾಯಂ ನೌಕರನಿಗಿಂತ ಕಡಿಮೆ ಇರುವಂತಿಲ್ಲ. ಒಂದು ವರ್ಷ ಪೂರೈಸಿದರೆ ಗ್ರಾಚ್ಯುಟಿಯೂ (ಕೆಲಸ ಬಿಡುವಾಗ ಸೇವೆಯ ಲೆಕ್ಕದಲ್ಲಿ ಕೊಡುವ ಇಡಿಗಂಟು) ಬರುತ್ತದೆ. ಆದರೆ ಅವಧಿ ಮುಗಿದು ಕೆಲಸ ಹೋದರೆ ಅದನ್ನು ಕೆಲಸದಿಂದ ತೆಗೆದದ್ದು ಎಂದು ಕಾನೂನು ಎಣಿಸುವುದಿಲ್ಲ.

ಅಪ್ರೆಂಟಿಸ್ ಆಗಿದ್ದರೆ ಕಲಿಯುವವನೇ ಹೊರತು ಕಾರ್ಮಿಕನಲ್ಲ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಬಾಧ್ಯತೆ 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಇಲ್ಲ. ಐಟಿಐ ಮುಗಿಸಿದ ಹುಡುಗರು ಇದನ್ನು ಸೇರುವ ದಿನವೇ ತಿಳಿದಿರಬೇಕು. ಸಿಂಧನೂರು, ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ, ರಾಯಚೂರಿನ ಹತ್ತಿ ಜಿನ್ನಿಂಗ್‌ನಲ್ಲಿ ಸುಗ್ಗಿಗೆ ಮಾತ್ರ ದುಡಿಯುವವರಿಗೆ 240 ದಿನ ತುಂಬುವುದೇ ಕಷ್ಟ. ಅವರು ಮೊದಲು ಕೇಳಬೇಕಾದದ್ದು ಮುಂದಿನ ಸುಗ್ಗಿಗೂ ತಮ್ಮನ್ನೇ ಕರೆಯುವ ಲಿಖಿತ ಪಟ್ಟಿಯನ್ನು.

ಗುತ್ತಿಗೆದಾರನ ಹೆಸರು ಇದ್ದರೆ ನೀವು ನನ್ನ ಹಾಗೆ ಗುತ್ತಿಗೆ ಕಾರ್ಮಿಕ. ಹೊಸ ಸಂಹಿತೆಗಳ ಪ್ರಕಾರ ಕಾರ್ಖಾನೆಯ ಮೂಲ ಕೆಲಸಕ್ಕೆ ಗುತ್ತಿಗೆ ಕಾರ್ಮಿಕರನ್ನು ಹಚ್ಚುವಂತಿಲ್ಲ, ಕೆಲವು ವಿನಾಯಿತಿಗಳನ್ನು ಬಿಟ್ಟು. ಕಾವಲು, ಕ್ಯಾಂಟೀನ್, ಸ್ವಚ್ಛತೆ, ತೋಟಗಾರಿಕೆ, ಆವರಣದೊಳಗಿನ ಹೇರುವ–ಇಳಿಸುವ ಕೆಲಸ ಸಾಮಾನ್ಯವಾಗಿ ಮೂಲ ಕೆಲಸ ಎನಿಸುವುದಿಲ್ಲ. ನಿಮ್ಮ ಕೆಲಸ ಕುಲುಮೆಯ ಬಳಿಯೋ ಕ್ಯಾಂಟೀನಿನಲ್ಲೋ ಎಂಬುದರ ಮೇಲೆ ನಿಮ್ಮ ವಾದದ ಬಲ ನಿಂತಿರುತ್ತದೆ. ಇನ್ನೊಂದು ಮಾತು: ಗುತ್ತಿಗೆ ನಿಷೇಧವಾದ ಮಾತ್ರಕ್ಕೆ ಕಾರ್ಮಿಕರು ತಾವಾಗಿ ಕಂಪನಿಯ ನೌಕರರಾಗುವುದಿಲ್ಲ ಎಂದು 2001ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಗುತ್ತಿಗೆಯೇ ಬರೀ ತೋರಿಕೆಯದು ಎಂದು ಸಾಬೀತಾದರೆ ಮಾತ್ರ ಆ ಬಾಗಿಲು ತೆರೆಯುತ್ತದೆ. ನೇಮಿಸಿದವರು ಯಾರು, ಸಂಬಳ ಕೊಡುವವರು ಯಾರು, ಶಿಸ್ತುಕ್ರಮ ತೆಗೆದುಕೊಳ್ಳುವವರು, ಕೆಲಸದಿಂದ ತೆಗೆಯುವವರು ಯಾರು, ನಿತ್ಯದ ಹಿಡಿತ ಯಾರದು ಎಂಬುದನ್ನೆಲ್ಲ ನ್ಯಾಯಾಲಯ ಒಟ್ಟಾಗಿ ನೋಡುತ್ತದೆ.

ಎರಡನೆಯದು: ಹಾಜರಿಯನ್ನು ನಿಮ್ಮ ಮನೆಯಲ್ಲೂ ಇಡಿ

ಈ ಹೆಜ್ಜೆಗೇ ನಾನು ಹೆಚ್ಚು ಜಾಗ ಕೊಡುತ್ತೇನೆ, ಸೋತದ್ದು ಇಲ್ಲೇ ಆದ್ದರಿಂದ.

240 ದಿನ ದುಡಿದಿದ್ದೇನೆ ಎಂದು ಸಾಬೀತು ಮಾಡುವ ಹೊಣೆ ಕಾರ್ಮಿಕನದೇ. ನಮ್ಮ ರಾಜ್ಯದ ಅರಣ್ಯ ಇಲಾಖೆಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ 2002ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಬರೀ ಅಫಿಡವಿಟ್ (ಪ್ರಮಾಣ ಮಾಡಿದ ಲಿಖಿತ ಹೇಳಿಕೆ) ಸಲ್ಲಿಸಿ "ನಾನು ದುಡಿದೆ" ಎಂದರೆ ಸಾಲದು, ಸಂಬಳದ ರಸೀದಿಯೋ ನೇಮಕ ಪತ್ರವೋ ಬೇಕು ಎಂದಿತು. ಕೆಲವು ವರ್ಷಗಳ ನಂತರ ಕರ್ನಾಟಕದ್ದೇ ಇನ್ನೊಂದು ಪ್ರಕರಣದಲ್ಲಿ ದಿನಗೂಲಿ ನೌಕರನೊಬ್ಬ ಗೆದ್ದ. ಇಲಾಖೆಯ ಹಿಂದಿನ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ ಬರೆದುಕೊಟ್ಟಿದ್ದ ಸೇವಾ ಪ್ರಮಾಣಪತ್ರ ಅವನ ಬಳಿ ಇತ್ತು. ಮಸ್ಟರ್ ರೋಲ್ (ಹಾಜರಿ ಪಟ್ಟಿ) ಹಾಜರುಪಡಿಸಿ ಎಂದೂ ಅವನು ಕೇಳಿದ್ದ. ಈ ಎರಡು ತೀರ್ಪುಗಳ ನಡುವಿನ ಅಂತರವನ್ನು ಹಗುರಾಗಿ ತೆಗೆದುಕೊಳ್ಳಬೇಡಿ.

ಮಾಡಬೇಕಾದದ್ದು ಹೀಗೆ. ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಳ್ಳಿ. ದಿನಾಂಕ, ಪಾಳಿ, ಯಾವ ವಿಭಾಗ, ಯಾವ ಯಂತ್ರ, ಕೆಲಸ ಹೇಳಿದವರು ಯಾರು, ಓಟಿ ಎಷ್ಟು ಗಂಟೆ, ಇಷ್ಟನ್ನು ಪ್ರತಿದಿನ ಮನೆಗೆ ಬಂದು ಬರೆಯಿರಿ. ತಿಂಗಳಿಗೊಮ್ಮೆ ಅಲ್ಲ, ಪ್ರತಿದಿನ. ಒಂದೇ ಶಾಯಿಯಲ್ಲಿ ಒಂದೇ ಸಲ ಬರೆದ ವರ್ಷದ ಲೆಕ್ಕವನ್ನು ಯಾರೂ ನಂಬುವುದಿಲ್ಲ. ಗೇಟ್ ಪಾಸ್ ಕೈಗೆ ಬಂದ ದಿನವೇ ಎರಡೂ ಬದಿಯ ಫೋಟೊ ತೆಗೆದಿಡಿ. ಒಳಗೆ ಮೊಬೈಲ್ ಬಿಡುವುದಿಲ್ಲ, ಹಾಗಾಗಿ ಇದನ್ನು ಮನೆಯಲ್ಲೇ ಮಾಡಿ. ನಾನು ಮೂರು ಪಾಸ್‌ಗಳನ್ನು ವಾಪಸ್ ಕೊಟ್ಟೆ, ಒಂದರ ಫೋಟೊ ಕೂಡ ತೆಗೆಯಲಿಲ್ಲ. ಸುರಕ್ಷತಾ ತರಬೇತಿಯ ಕಾರ್ಡ್, ವೈದ್ಯಕೀಯ ತಪಾಸಣೆಯ ವರದಿ, ಎತ್ತರದಲ್ಲಿ ಕೆಲಸ ಮಾಡಲು ಕೊಟ್ಟ ಪರವಾನಗಿ, ಬೂಟು ಹೆಲ್ಮೆಟ್ ಕೊಟ್ಟಾಗಿನ ಚೀಟಿ, ಇವೆಲ್ಲ ಸಾಕ್ಷಿಯೇ. ಅವುಗಳ ಮೇಲೆ ಬಹಳ ಸಲ ಕಂಪನಿಯ ಮೊಹರು ಇರುತ್ತದೆ. ಗುತ್ತಿಗೆದಾರನ ಕಾಗದಕ್ಕಿಂತ ಅದರ ತೂಕ ಹೆಚ್ಚು.

ಸಂಬಳವನ್ನು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ಕೈಗೆ ನಗದು ಕೊಟ್ಟು ವೋಚರ್‌ಗೆ ಸಹಿ ಹಾಕಿಸಿಕೊಳ್ಳುವ ಮೇಸ್ತ್ರಿ ಇದ್ದರೆ ಆ ವೋಚರ್‌ನ ಪ್ರತಿ ಕೇಳಿ. ಖಾಲಿ ಕಾಗದಕ್ಕೆ ಯಾವ ಕಾರಣಕ್ಕೂ ಸಹಿ ಹಾಕಬೇಡಿ. ಗುತ್ತಿಗೆ ಬದಲಾಗುವಾಗ "ಲೆಕ್ಕ ಚುಕ್ತಾ" ಎಂದು ಕೊಡುವ ಹಾಳೆಯಲ್ಲಿ "ಸ್ವಇಚ್ಛೆಯಿಂದ ಕೆಲಸ ಬಿಟ್ಟಿದ್ದೇನೆ" ಎಂಬ ಸಾಲು ಇದೆಯೇ ಎಂದು ಬೆರಳಿಟ್ಟು ಓದಿ. ಇದ್ದರೆ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ "ಗುತ್ತಿಗೆ ಬದಲಾವಣೆಯಿಂದ" ಎಂದು ಬರೆದು ಸಹಿ ಮಾಡಿ.

ಗುತ್ತಿಗೆದಾರ ಹೋಗುವ ಮುಂಚೆ ಅನುಭವ ಪತ್ರ ಪಡೆಯಿರಿ. ಕೇಳಿದರೆ ಅವನು ಕೊಡಲೇಬೇಕು, ಹೊಸ ಸಂಹಿತೆಗಳಲ್ಲಿ ಇದಕ್ಕೆಂದೇ ಒಂದು ಕಲಮು ಇದೆ. ಒಮ್ಮೆ ಅವನ ಕ್ಯಾಬಿನ್ ಖಾಲಿಯಾಯಿತೆಂದರೆ ಹುಡುಕಿ ಹಿಡಿಯುವುದು ಕಷ್ಟ. "ಅನುಭವವಿದೆ, ನಡತೆ ಉತ್ತಮ" ಎಂಬ ಎರಡು ಸಾಲಿನ ಪತ್ರದಿಂದ ಉಪಯೋಗವಿಲ್ಲ. ಅದರಲ್ಲಿ ಇಷ್ಟಿರಲಿ: ನಿಮ್ಮ ಹೆಸರು, ಭವಿಷ್ಯನಿಧಿಯ ಯುಎಎನ್ ಸಂಖ್ಯೆ, ಕೆಲಸ ಮಾಡಿದ ಕಾರ್ಖಾನೆ ಮತ್ತು ವಿಭಾಗ, ಕೆಲಸದ ಸ್ವರೂಪ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಸಹಿ, ಮೊಹರು. ಸಾಹೇಬರು ಒಳ್ಳೆಯವರಾಗಿದ್ದರೆ ವಿಭಾಗದ ಮುಖ್ಯಸ್ಥರಿಂದಲೂ ಒಂದು ಪತ್ರ ಕೇಳಿ. ನನಗೆ ಕೊನೆಗೆ ದಾರಿ ತೋರಿಸಿದ್ದು ವರ್ಗಾವಣೆಯಾಗಿ ಹೋಗುವ ಮುನ್ನ ನಮ್ಮ ಇಂಜಿನಿಯರ್ ಕೈಯಾರೆ ಬರೆದುಕೊಟ್ಟ ಅಂಥ ಒಂದು ಹಾಳೆ.

ಸರ್ಕಾರಿ ಇಲಾಖೆ, ನಿಗಮ, ನಗರಸಭೆಗಳಲ್ಲಿ ದುಡಿಯುವವರಿಗೆ ಮಾಹಿತಿ ಹಕ್ಕು ಇದೆ. ನಮೂನೆ ಎ, ಹತ್ತು ರೂಪಾಯಿ ಶುಲ್ಕ, 150 ಪದಗಳ ಮಿತಿ, ಒಂದು ಅರ್ಜಿಗೆ ಒಂದೇ ವಿಷಯ. "ಇಂತಹ ವರ್ಷದಿಂದ ಇಂತಹ ವರ್ಷದವರೆಗಿನ ಮಸ್ಟರ್ ರೋಲ್‌ನಲ್ಲಿ ನನ್ನ ಹೆಸರಿರುವ ಪುಟಗಳ ದೃಢೀಕೃತ ಪ್ರತಿ" ಎಂದು ನಿಖರವಾಗಿ ಕೇಳಿ. 30 ದಿನದೊಳಗೆ ಉತ್ತರ ಬರಬೇಕು, ಬಾರದಿದ್ದರೆ ಅದೇ ಕಚೇರಿಯಲ್ಲಿ ಮೊದಲ ಮೇಲ್ಮನವಿ. ಖಾಸಗಿ ಕಂಪನಿಗೆ ಇದು ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಗುತ್ತಿಗೆದಾರನ ಪರವಾನಗಿಯ ವಿವರ ಕಾರ್ಮಿಕ ಇಲಾಖೆಯಲ್ಲಿ ಇರುತ್ತದೆ, ಅಲ್ಲಿ ಕೇಳಬಹುದು.

ಮೂರನೆಯದು: ಪಿಎಫ್ ಹಣಕ್ಕೆ ಕೈ ಹಾಕಬೇಡಿ

ಗುತ್ತಿಗೆ ಬದಲಾದಾಗಲೆಲ್ಲ ಹುಡುಗರು ಪಿಎಫ್ ತೆಗೆಯುತ್ತಾರೆ. ತಂಗಿಯ ಮದುವೆ, ಬೋರ್‌ವೆಲ್, ಬೈಕಿನ ಕಂತು, ಕಾರಣಗಳು ನಿಜವೇ. ಆದರೆ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಪಿಂಚಣಿಯ ಭಾಗವನ್ನೂ ತೆಗೆದುಕೊಂಡರೆ ಅಷ್ಟು ವರ್ಷಗಳ ಲೆಕ್ಕ ಅಲ್ಲಿಗೇ ಮುಗಿಯಿತು, ಮತ್ತೆ ಸೊನ್ನೆಯಿಂದ. ಗುತ್ತಿಗೆದಾರರು ಎಷ್ಟೇ ಬದಲಾದರೂ ಯುಎಎನ್ ಒಂದೇ ಇರಬೇಕು. ಹೊಸಬ ಹೊಸ ಸಂಖ್ಯೆ ಮಾಡಿಸಲು ಬಂದರೆ ಹಳೆಯದನ್ನೇ ಕೊಡಿ, ಹಳೆಯ ಖಾತೆಯ ಹಣವನ್ನು ವರ್ಗಾಯಿಸಿಕೊಳ್ಳಿ. ಆನ್‌ಲೈನ್‌ನಲ್ಲಿ ಸೇವಾ ವಿವರ ತೆರೆದರೆ ಯಾವ ಗುತ್ತಿಗೆದಾರನ ಬಳಿ ಎಂದಿನಿಂದ ಎಂದಿನವರೆಗೆ ಇದ್ದಿರಿ ಎಂಬುದು ಸಾಲಾಗಿ ಕಾಣುತ್ತದೆ. ನಾನು ತೋರಿಸಿದ ಆ ಎರಡೂವರೆ ವರ್ಷ ಬಂದದ್ದು ಅಲ್ಲಿಂದಲೇ.

ಆಧಾರ್‌ನಲ್ಲಿ ಬಸವರಾಜ, ಶಾಲೆಯ ದಾಖಲೆಯಲ್ಲಿ ಬಸವರಾಜಪ್ಪ, ಪಿಎಫ್‌ನಲ್ಲಿ ಬಸಪ್ಪ ಎಂದಿರುವುದು ನಮ್ಮ ಕಡೆ ಮನೆಮನೆಯ ಕಥೆ. ಇದನ್ನು ಈಗಲೇ ಸರಿಪಡಿಸಿಕೊಳ್ಳಿ, ಹುದ್ದೆ ಕರೆದ ಮೇಲೆ ಅಲ್ಲ. ಸಂಬಳ 21,000 ರೂಪಾಯಿಯೊಳಗೆ ಇದ್ದವರು ಇಎಸ್‌ಐ (ನೌಕರರ ರಾಜ್ಯ ವಿಮೆ) ಸಂಖ್ಯೆ ಕೂಡ ಬರೆದಿಡಿ. ಅದರ ನೋಂದಣಿ ದಿನಾಂಕವೂ ಒಂದು ಸಾಕ್ಷಿ.

ನಾಲ್ಕನೆಯದು: ಕೇಳಬೇಕು, ಬರೆದು ಕೇಳಬೇಕು

ನಾವು ಕಾಯುತ್ತೇವೆ. "ಸಾಹೇಬರು ನೋಡುತ್ತಿದ್ದಾರೆ, ಅವರಿಗೆ ಗೊತ್ತಿದೆ" ಎಂದುಕೊಳ್ಳುತ್ತೇವೆ. ಅವರಿಗೆ ಗೊತ್ತಿರುವುದು ಬೆಲ್ಟ್ ನಿಂತಿಲ್ಲ ಎಂಬುದಷ್ಟೇ. ಹುದ್ದೆ ಖಾಲಿಯಾಗುವುದು ಕಾಯಂ ನೌಕರರು ನಿವೃತ್ತರಾದಾಗ, ಹೊಸ ಘಟಕ ಶುರುವಾದಾಗ. ಅದು ಮೊದಲು ತಿಳಿಯುವುದು ವಿಭಾಗದ ಮುಖ್ಯಸ್ಥರಿಗೆ ಮತ್ತು ಎಚ್‌ಆರ್ ವಿಭಾಗಕ್ಕೆ. ಅದಕ್ಕೂ ಮುಂಚೆ ನಿಮ್ಮ ಅರ್ಜಿ ಅವರ ಫೈಲಿನಲ್ಲಿ ಇರಲಿ. ಹೀಗೆ ಬರೆಯಿರಿ:

"ಮಾನ್ಯರೇ, ನಾನು ಇಂತಹ ದಿನಾಂಕದಿಂದ ತಮ್ಮ ಕಾರ್ಖಾನೆಯ ಇಂತಹ ವಿಭಾಗದಲ್ಲಿ, ಇಂತಿಂಥ ಗುತ್ತಿಗೆದಾರರ ಮೂಲಕ, ಕನ್ವೇಯರ್ ನಿರ್ವಹಣೆಯ ಕೆಲಸವನ್ನು ನಿರಂತರವಾಗಿ ಮಾಡುತ್ತಿದ್ದೇನೆ. ಐಟಿಐ ಫಿಟ್ಟರ್ ಪ್ರಮಾಣಪತ್ರ ಹೊಂದಿದ್ದೇನೆ. ಈ ವಿಭಾಗದಲ್ಲಿ ಹುದ್ದೆ ತೆರವಾದಾಗ ನನ್ನನ್ನು ಪರಿಗಣಿಸಬೇಕೆಂದು ವಿನಂತಿ. ದಾಖಲೆಗಳನ್ನು ಲಗತ್ತಿಸಿದ್ದೇನೆ."

ಇದಕ್ಕಿಂತ ಉದ್ದ ಬೇಡ. ಮನೆಯ ಕಷ್ಟ ಬರೆಯಬೇಡಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮೊಹರು ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಕಾರ್ಖಾನೆಗೆ ಜಮೀನು ಕೊಟ್ಟ ಕುಟುಂಬದವರಾಗಿದ್ದರೆ ಸರ್ವೆ ನಂಬರ್, ಪರಿಹಾರದ ಆದೇಶ, ಆಗ ಆದ ಒಪ್ಪಂದದ ಪ್ರತಿ ಲಗತ್ತಿಸುವುದನ್ನು ಮರೆಯಬೇಡಿ.

ಅನುಭವದ ಜೊತೆಗೆ ಒಂದು ಅಧಿಕೃತ ಪ್ರಮಾಣಪತ್ರ ಇದ್ದರೆ ಅರ್ಜಿಯ ಬೆಲೆಯೇ ಬೇರೆ. ಬಾಯ್ಲರ್ ಬಳಿ ಇರುವವರು ಬಾಯ್ಲರ್ ಅಟೆಂಡೆಂಟ್ ಪರೀಕ್ಷೆ, ವಿದ್ಯುತ್ ಕೆಲಸದವರು ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರವಾನಗಿ, ಗಣಿಯವರು ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಮೈನಿಂಗ್ ಮೇಟ್ ಅಥವಾ ಬ್ಲಾಸ್ಟರ್ ಪ್ರಮಾಣಪತ್ರ ಮಾಡಿಕೊಳ್ಳಲಿ. ರಾತ್ರಿ ಪಾಳಿ ಮುಗಿಸಿ ಓದುವುದು ಸುಲಭವಲ್ಲ, ಏಪ್ರಿಲ್ ತಿಂಗಳ ಬಳ್ಳಾರಿಯ ಬಿಸಿಲಿನಲ್ಲಂತೂ ಹಗಲು ನಿದ್ದೆಯೇ ಬರುವುದಿಲ್ಲ. ಆದರೂ ಎರಡನೇ ಸಲ ನಾನು ಗೆದ್ದದ್ದು ಒಂದು ಪರೀಕ್ಷೆಯ ಬಲದಿಂದಲೂ ಹೌದು.

ಹಣ ಕೊಟ್ಟರೆ ಕಾಯಂ ಮಾಡಿಸುತ್ತೇನೆ ಎನ್ನುವವರು ಪ್ರತಿ ಗೇಟಿನ ಬಳಿಯೂ ಇದ್ದಾರೆ. ನಮ್ಮ ಪಕ್ಕದ ಮನೆಯ ಹಿರಿಯರು ಎರಡು ಎಕರೆ ಅಡವಿಟ್ಟು ಕೊಟ್ಟರು. ಮಗನಿಗೆ ಸಿಕ್ಕಿದ್ದು ಇನ್ನೊಬ್ಬ ಗುತ್ತಿಗೆದಾರನ ಗೇಟ್ ಪಾಸ್. ಒಂದು ರೂಪಾಯಿಯನ್ನೂ ಕೊಡಬೇಡಿ.

ಸರ್ಕಾರಿ ಕೆಲಸದವರಿಗೆ

ದಿನಗೂಲಿ, ಹೊರಗುತ್ತಿಗೆ ನೌಕರರ ಭವಿಷ್ಯವನ್ನು ದೇಶದ ಉದ್ದಗಲಕ್ಕೂ ನಿರ್ಧರಿಸಿದ ತೀರ್ಪು ನಮ್ಮ ರಾಜ್ಯದ್ದೇ: 2006ರ ಏಪ್ರಿಲ್ 10ರ ಉಮಾದೇವಿ ಪ್ರಕರಣ. ನೇಮಕಾತಿ ನಿಯಮ ಪಾಲಿಸದೆ ಬಂದವರು ಕಾಯಂ ಮಾಡಿ ಎಂದು ಹಕ್ಕಿನಿಂದ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಮಂಜೂರಾದ ಹುದ್ದೆಯಲ್ಲಿ ಅರ್ಹತೆಯಿದ್ದು, ನ್ಯಾಯಾಲಯದ ಆದೇಶದ ಆಸರೆಯಿಲ್ಲದೆ ಹತ್ತು ವರ್ಷ ದುಡಿದವರನ್ನು ಒಂದು ಬಾರಿಯ ಕ್ರಮವಾಗಿ ಪರಿಗಣಿಸಿ ಎಂದೂ ಹೇಳಿತು. ಅಲ್ಲಿಂದ ಎಷ್ಟೋ ಕಚೇರಿಗಳು ಮೊದಲ ಭಾಗವನ್ನಷ್ಟೇ ಹಿಡಿದುಕೊಂಡವು. 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ, ಕೇಂದ್ರ ಜಲ ಆಯೋಗದಲ್ಲಿ ದಶಕಗಟ್ಟಲೆ ಕಸ ಗುಡಿಸಿದವರ ಪರವಾಗಿ ತೀರ್ಪು ಕೊಡುತ್ತಾ, ಉಮಾದೇವಿ ತೀರ್ಪನ್ನು ದೀರ್ಘ ಸೇವೆಯ ನೌಕರರ ವಿರುದ್ಧ ಆಯುಧದಂತೆ ಬಳಸಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ವಕೀಲರ ಬಳಿ ಹೋಗುವಾಗ ಈ ಎರಡೂ ಹೆಸರುಗಳು ನಿಮಗೆ ಗೊತ್ತಿರಲಿ. ಕಾಯಂ ಆಗುವವರೆಗೂ ಸಮಾನ ಕೆಲಸಕ್ಕೆ ವೇತನಶ್ರೇಣಿಯ ಕನಿಷ್ಠ ಸಂಬಳ ಕೇಳಲು 2016ರ ಜಗಜಿತ್ ಸಿಂಗ್ ತೀರ್ಪು ಇದೆ.

ಒಗ್ಗಟ್ಟಾಗಿ ಕೇಳಿದಾಗ ಸರ್ಕಾರದ ನೀತಿಯೇ ಬದಲಾದ ಉದಾಹರಣೆಯೂ ಇದೆ. 2022ರಲ್ಲಿ ಪೌರಕಾರ್ಮಿಕರು ಮುಷ್ಕರ ಹೂಡಿದ ಮೇಲೆ ರಾಜ್ಯ ಸಚಿವ ಸಂಪುಟ 11,133 ಪೌರಕಾರ್ಮಿಕರನ್ನು ಕಾಯಂ ಮಾಡಲು ಒಪ್ಪಿತು.

ಕಾಯಂ ಮಾಡಿಸಿಕೊಳ್ಳುವ ಹೋರಾಟದ ಪಕ್ಕದಲ್ಲೇ ನೇರ ನೇಮಕಾತಿಗೂ ಅರ್ಜಿ ಹಾಕುತ್ತಿರಿ. ಸಂವಿಧಾನದ 371ಜೆ ವಿಧಿಯಿಂದಾಗಿ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ಗ್ರೂಪ್ ಸಿ ಹುದ್ದೆಗಳ ಶೇ 80, ಗ್ರೂಪ್ ಡಿ ಹುದ್ದೆಗಳ ಶೇ 85 ನಮ್ಮವರಿಗೇ ಮೀಸಲು. ಅದಕ್ಕೆ ಉಪವಿಭಾಗಾಧಿಕಾರಿ ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು. ಅರ್ಜಿಯ ಕೊನೆಯ ವಾರದಲ್ಲಿ ಆ ಕಚೇರಿಯ ಮುಂದಿನ ಸಾಲು ನೋಡಿದವರು ಅದನ್ನು ಮೊದಲೇ ಮಾಡಿಸಿಟ್ಟುಕೊಳ್ಳುತ್ತಾರೆ.

ಒಪ್ಪದಿದ್ದರೆ, ಅಥವಾ ತೆಗೆದುಹಾಕಿದರೆ

ಮೊದಲು ಸಂಘ. ಒಬ್ಬನೇ ಹೋದರೆ ಮರುದಿನ ಪಾಸ್ ನಿಲ್ಲಿಸುತ್ತಾರೆ, ನಲವತ್ತು ಜನ ಸಹಿ ಹಾಕಿದ ಮನವಿಗೆ ಹಾಗೆ ಮಾಡುವುದು ಕಷ್ಟ. ಆಮೇಲೆ ಜಿಲ್ಲಾ ಕಾರ್ಮಿಕ ಅಧಿಕಾರಿ. ಕಬ್ಬಿಣದ ಅದಿರಿನ ಗಣಿಯಾಗಲಿ ಚಿನ್ನದ ಗಣಿಯಾಗಲಿ, ಗಣಿಗಳ ವಿವಾದ ಮಾತ್ರ ಕೇಂದ್ರ ಸರ್ಕಾರದ ಕಾರ್ಮಿಕ ಆಯುಕ್ತರ ವ್ಯಾಪ್ತಿಗೆ ಬರುತ್ತದೆ. ಇದು ತಿಳಿಯದೆ ತಪ್ಪು ಕಚೇರಿಗೆ ತಿಂಗಳುಗಟ್ಟಲೆ ಅಲೆಯುವವರನ್ನು ಕಂಡಿದ್ದೇನೆ. ವಿವಾದ ಹುಟ್ಟಿ ಎರಡು ವರ್ಷ ಕಳೆದರೆ ಸಂಧಾನಾಧಿಕಾರಿ ಅದನ್ನು ಕೈಗೆತ್ತಿಕೊಳ್ಳುವುದಿಲ್ಲ, ಆದ್ದರಿಂದ ತಡ ಮಾಡಬೇಡಿ.

ವಕೀಲರ ಶುಲ್ಕಕ್ಕೆ ಹೆದರಿ ಸುಮ್ಮನಾಗಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಕೈಗಾರಿಕಾ ಕಾರ್ಮಿಕರಿಗೆ ಉಚಿತ ಕಾನೂನು ನೆರವು ಸಿಗುತ್ತದೆ, ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಸಿಗುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳ, ಮೂರೂ ಕಡೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೈಕೋರ್ಟಿನವರೆಗೆ ಹೋಗಬೇಕಾಗಿ ಬಂದರೂ ಬೆಂಗಳೂರಿಗೆ ಓಡಬೇಕಿಲ್ಲ. ರಾಯಚೂರಿನವರಿಗೆ ಕಲಬುರಗಿ ಪೀಠ, ಬಳ್ಳಾರಿ ಮತ್ತು ಕೊಪ್ಪಳದವರಿಗೆ ಧಾರವಾಡ ಪೀಠ.

ಆದೇಶ ಕೈಗೆ ಬಂದ ದಿನ

ಸಿಹಿ ಹಂಚುವ ಮುಂಚೆ ಆದೇಶವನ್ನು ಎರಡು ಸಲ ಓದಿ. ಪ್ರೊಬೇಷನ್ (ಪರೀಕ್ಷಾರ್ಥ ಅವಧಿ) ಎಷ್ಟು ತಿಂಗಳು, ಅದು ಮುಗಿದ ಮೇಲೆ ಕಾಯಂ ಎಂದು ಬೇರೆ ಪತ್ರ ಕೊಡುತ್ತಾರೆಯೇ ಎಂದು ನೋಡಿ. "ಟ್ರೈನಿ" ಎಂದು ಬರೆದಿದ್ದರೆ ತರಬೇತಿಯ ನಂತರ ಏನು ಎಂಬ ಸಾಲು ಇರಲೇಬೇಕು, ಇಲ್ಲದಿದ್ದರೆ ಸಹಿ ಹಾಕುವ ಮೊದಲೇ ಕೇಳಿ. ಪ್ರೊಬೇಷನ್ ಮುಗಿಯುವ ತಿಂಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ದೃಢೀಕರಣ ಪತ್ರ ಬರದಿದ್ದರೆ ಆ ವಾರವೇ ಬರೆದು ಕೇಳಿ. ಹಳೆಯ ಯುಎಎನ್ ಅನ್ನು ಹೊಸ ಖಾತೆಗೆ ಜೋಡಿಸಿ. ಸೇವಾ ದಾಖಲೆಯಲ್ಲಿ ನಿಮ್ಮ ಜನ್ಮದಿನಾಂಕವನ್ನು ಶಾಲಾ ದಾಖಲೆಯೊಂದಿಗೆ ಹೋಲಿಸಿ ನೋಡಿ, ನಿವೃತ್ತಿಯ ದಿನ ನಿಂತಿರುವುದು ಆ ಒಂದು ಸಾಲಿನ ಮೇಲೆ. ಆಮೇಲೆ ಆ ಹಳೆಯ ನೋಟ್‌ಬುಕ್ಕನ್ನು ನಿಮ್ಮ ಪಾಳಿಯಲ್ಲಿ ಇನ್ನೂ ಗುತ್ತಿಗೆಯಲ್ಲಿರುವ ಹುಡುಗನಿಗೆ ತೋರಿಸಿ, ಅವನಿಗೂ ಇನ್ನೂರು ಪುಟದ್ದೊಂದು ಕೊಡಿಸಿ.